ಕೊಪ್ಪೆಯಜ್ಜನ ಲೆಕ್ಕ



ಕಾಫಿ, ಅಡಿಕೆ, ಮೆಣಸುಗಳ ಧಾರಣೆ, ಬೋರ್ಡೋ ದ್ರಾವಣದ ಹದ, ಗೊಬ್ಬರದ ದಾಸ್ತಾನು ಇವುಗಳಿಗೆಂದೇ ಮೀಸಲಾದ ಈ ಪುಟಗಳಲ್ಲಿ ಮಕ್ಕಳಾಟದ ಗೊಂಬೆಗೇನು ಕೆಲಸ ಎಂದು ತಾವು ಕೇಳಬಹುದು. ಕಳೆದ ಮಳೆಗಾಲದವರೆಗೆ ನಾವೂ ಹಾಗೆಯೇ ಕೇಳುತ್ತಿದ್ದೆವು. ಈಗ ಆ ಗೊಂಬೆ ಸಂಘದ ಲೆಕ್ಕದ ಪುಸ್ತಕದಲ್ಲಿ ಒಂದು ಹೊಸ ಪುಟವನ್ನೇ ತೆರೆಸಿದೆ. ಆ ಪುಟ ತೆರೆಯುವ ಮೊದಲು ಕಚೇರಿಯಿಂದ, ಅಂದರೆ ನಮ್ಮಿಂದ, ಒಂದು ತಪ್ಪು ನಡೆದಿದೆ. ಕಚೇರಿಯ ತಪ್ಪನ್ನು ಸಂಘದ ಪತ್ರಿಕೆಯಲ್ಲೇ ಹೇಳುವುದು ಸರಿಯೆಂದು ತೋರಿ ಇದನ್ನು ಬರೆಯುತ್ತಿದ್ದೇವೆ.

ಕಳೆದ ಆರಿದ್ರಾ ಮಳೆಯಲ್ಲಿ ಮಗಳು ಇಬ್ಬರು ಮಕ್ಕಳೊಡನೆ ಬೆಂಗಳೂರಿನಿಂದ ಬಂದಿದ್ದಳು. ಹೊರಗೆ ಕಾಲಿಡಲಾಗದ ಮಳೆ. ನಾಲ್ಕು ವರ್ಷದ ದೊಡ್ಡವಳು ಜಗುಲಿಯ ಗೋಡೆಯ ಮೇಲಿನ ಹಳೆಯ ಫೋಟೋ ನೋಡಿ, “ಈ ತಾತ ಯಾಕೆ ಚೀಲ ಹೊದ್ಕೊಂಡಿದಾರೆ?” ಎಂದು ಕೇಳಿದಳು. ಫೋಟೋದಲ್ಲಿದ್ದವರು ನಮ್ಮ ತಂದೆಯವರು; ಹೊದ್ದಿದ್ದುದು ಚೀಲವಲ್ಲ, ಕಂಬಳಿ ಕೊಪ್ಪೆ. ಕೊಪ್ಪೆ ಹೊದ್ದು ತೋಟಕ್ಕಿಳಿಯುವವರು ಈಗ ಎಷ್ಟು ಮಂದಿ ಉಳಿದಿದ್ದಾರೆ? ಪ್ಲಾಸ್ಟಿಕ್ ಬಂದು ಕೊಪ್ಪೆ ಅಟ್ಟ ಸೇರಿತು. ಬಾಯಲ್ಲಿ ಎಷ್ಟು ವಿವರಿಸಿದರೂ ಮಗುವಿಗೆ ತಿಳಿಯಲಿಲ್ಲ. ನಮ್ಮ ಮನೆಯವರು ಪೆಟ್ಟಿಗೆಯಿಂದ ಕ್ರೋಶಾ ಕಡ್ಡಿಯನ್ನೂ ಉಳಿದ ನೂಲಿನ ಉಂಡೆಗಳನ್ನೂ ತೆಗೆದು ಕುಳಿತರು. ಮೂರನೆಯ ದಿನ ಸಂಜೆಗೆ ಒಂದು ಗೇಣು ಎತ್ತರದ ಅಜ್ಜ ಸಿದ್ಧನಾದ. ದುಂಡು ತಲೆ, ದುಂಡು ಹೊಟ್ಟೆ, ತಲೆಯಿಂದ ಬೆನ್ನಿಗೆ ಇಳಿಬಿದ್ದ ಕಪ್ಪು ಕೊಪ್ಪೆ, ಅದರ ಅಂಚಿಗೆ ಬಿಳಿಯ ಗೆರೆ. ಮಗು ಅವನಿಗೆ ಕೊಪ್ಪೆಯಜ್ಜ ಎಂದು ಹೆಸರಿಟ್ಟು, ಊಟಕ್ಕೆ ಕೂತರೂ ಪಕ್ಕದಲ್ಲೇ ಕೂರಿಸಿಕೊಂಡಿತು.

ಕ್ರೋಶಾ ನಮ್ಮ ಕಡೆಯ ಹೆಂಗಸರಿಗೆ ಹೊಸದಲ್ಲ. ನಮ್ಮ ತಾಯಂದಿರ ಕಾಲದಲ್ಲಿ ರೇಡಿಯೋದ ಮೇಲೊಂದು ಕ್ರೋಶಾ ಹೊದಿಕೆ, ಮೇಜಿನ ಮೇಲೊಂದು, ಬಾಗಿಲಿಗೊಂದು ತೋರಣ ಇಲ್ಲದ ಮನೆ ಅಪರೂಪವಾಗಿತ್ತು. ಆಮೇಲೆ ಅದೇ ಹೊದಿಕೆ ಟೆಲಿವಿಷನ್ನಿನ ಮೇಲೆ ಬಂತು. ಟೆಲಿವಿಷನ್ ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ಹೊದಿಕೆಗೆ ನಿಲ್ಲಲು ಜಾಗವಿಲ್ಲದಾಯಿತು. ಆದರೆ ಕೈಗೆ ಬಂದ ವಿದ್ಯೆ ಎಲ್ಲಿಗೆ ಹೋಗುತ್ತದೆ? ಇದೇ ಕಡ್ಡಿಯಲ್ಲಿ ಹತ್ತಿ ತುಂಬಿದ ಪುಟ್ಟ ಗೊಂಬೆಗಳನ್ನು ಹೆಣೆಯುವ ಪದ್ಧತಿ ಜಪಾನಿನಲ್ಲಿ ಬಹಳ ಜನಪ್ರಿಯವಾಗಿ, ಅಲ್ಲಿನ ಅಮಿಗುರುಮಿ ಎಂಬ ಹೆಸರಿನೊಂದಿಗೇ ಈಗ ಎಲ್ಲ ದೇಶಗಳಿಗೂ ಹರಡಿದೆ. ನಮ್ಮ ಮನೆಯವರಿಗೆ ಆ ಹೆಸರು ಗೊತ್ತಿರಲಿಲ್ಲ. ಟೋಪಿ ಹೆಣೆಯಲು ಬರುವವರಿಗೆ ತಲೆ ಹೆಣೆಯುವುದು ಕಷ್ಟವೇ ಎಂಬುದು ಅವರ ವಾದ.

ಪಕ್ಕದಲ್ಲಿ ಕೂತು ನೋಡಿದಾಗ ನಮಗೆ ಅಚ್ಚರಿ ತಂದದ್ದು ಅದರ ಲೆಕ್ಕ. ಕಾಲೇಜಿನಲ್ಲಿ ಗಣಿತ ಓದಿದ್ದರೂ ದುಂಡಗಿನ ವಸ್ತುವನ್ನು ನೂಲಿನಲ್ಲಿ ಹೇಗೆ ಕಟ್ಟುತ್ತಾರೆಂದು ನಾವು ಎಂದೂ ಯೋಚಿಸಿರಲಿಲ್ಲ. ನೂಲಿನ ಒಂದು ಸಣ್ಣ ಉಂಗುರದೊಳಗೆ ಮೊದಲು 6 ಕುಣಿಕೆ. ಎರಡನೆಯ ಸುತ್ತಿನಲ್ಲಿ ಪ್ರತಿ ಕುಣಿಕೆಯಲ್ಲೂ ಎರಡೆರಡು ಹಾಕಿದರೆ 12. ಮೂರನೆಯ ಸುತ್ತಿಗೆ 18, ಆಮೇಲೆ 24, 30, 36. ಸುತ್ತಿಗೆ ಆರಾರು ಕುಣಿಕೆ ಹೆಚ್ಚಿಸುತ್ತ ಹೋದರೆ ಹೆಣಿಗೆ ತಟ್ಟೆಯ ಹಾಗೆ ಚಪ್ಪಟೆಯಾಗಿ ಬೆಳೆಯುತ್ತದೆ. ಆರಕ್ಕಿಂತ ಕಡಿಮೆ ಹೆಚ್ಚಿಸಿದರೆ ಬಟ್ಟಲಿನ ಹಾಗೆ ಮೇಲೇಳುತ್ತದೆ. ಬಹಳ ಹೆಚ್ಚಿಸಿದರೆ ಅಂಚು ನೆರಿಗೆ ಕಟ್ಟುತ್ತದೆ. 36ಕ್ಕೆ ಬಂದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿ ಆರು ಸುತ್ತು ಹಾಗೆಯೇ ಹೆಣೆದರೆ ಗೋಡೆ ಎದ್ದು ನಿಲ್ಲುತ್ತದೆ. ಅನಂತರ ಎರಡು ಕುಣಿಕೆಗಳನ್ನು ಒಂದಾಗಿಸುತ್ತ 30, 24, 18ಕ್ಕೆ ಇಳಿಸಿದರೆ ತಲೆ ಮುಗಿದು ಕುತ್ತಿಗೆ. ಅಲ್ಲಿಂದಲೇ ಮತ್ತೆ 24, 30, 36ಕ್ಕೆ ಏರಿ ಎಂಟು ಸುತ್ತು ಹೆಣೆದು ಹೊಟ್ಟೆ. ಕೊನೆಗೆ ಇಳಿಯುತ್ತ 6ಕ್ಕೆ ಬಂದು ಬಾಯಿ ಕಟ್ಟುವುದು. ಕೈಕಾಲುಗಳು 12 ಕುಣಿಕೆಯ ಕೊಳವೆಗಳು. ಕೊಪ್ಪೆ ಎಲ್ಲಕ್ಕಿಂತ ಸುಲಭ. ಅದು 32 ಕುಣಿಕೆ ಅಗಲ, 32 ಸಾಲು ಉದ್ದದ ಒಂದು ಚೌಕ. ಅದರ ಒಂದು ಅಂಚನ್ನು ನಡುವೆ ಮಡಿಸಿ ಹೊಲಿದರೆ, ನಮ್ಮ ಹಿರಿಯರು ಕಂಬಳಿಯನ್ನು ತಲೆಗೇರಿಸಿಕೊಳ್ಳುತ್ತಿದ್ದ ರೀತಿಯೇ ಬರುತ್ತದೆ.

ಸುತ್ತುಗಳು ಹಾವಿನ ಸುರುಳಿಯ ಹಾಗೆ ಒಂದರ ಮೇಲೊಂದು ಹೋಗುವುದರಿಂದ ಎಲ್ಲಿ ಆರಂಭ, ಎಲ್ಲಿ ಮುಕ್ತಾಯ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಸುತ್ತಿನ ಮೊದಲ ಕುಣಿಕೆಗೆ ಬೇರೆ ಬಣ್ಣದ ದಾರದ ತುಂಡನ್ನು ಸಿಕ್ಕಿಸಿಕೊಳ್ಳಬೇಕು. ಒಮ್ಮೆ ನಾವು ಮಧ್ಯೆ ಬಾಯಿ ಹಾಕಿ ಧಾರಣೆಯ ಸುದ್ದಿ ಹೇಳಿದ್ದಕ್ಕೆ ಎಣಿಕೆ ತಪ್ಪಿ ಅಜ್ಜನ ತಲೆ ಓರೆಯಾಯಿತು. ನಾಲ್ಕು ಸುತ್ತು ಬಿಚ್ಚಬೇಕಾಯಿತು. ಆ ದಿನ ಸಂಜೆಯ ಕಾಫಿಗೆ ನಾವೇ ಒಲೆಯ ಮುಂದೆ ನಿಂತೆವು.

ಕಡ್ಡಿಯ ವಿಷಯದಲ್ಲಿ ಒಂದು ಮಾತು. ನೂಲಿನ ಚೀಟಿಯ ಮೇಲೆ ಬರೆದಿರುವ ಗಾತ್ರಕ್ಕಿಂತ ಸ್ವಲ್ಪ ಸಣ್ಣ ಕಡ್ಡಿ ಹಿಡಿಯಬೇಕು. ಶಾಲಿಗೆ ಸಡಿಲ ಹೆಣಿಗೆ ಚೆಂದ. ಗೊಂಬೆಗೆ ಬಿಗಿಯಾದದ್ದೇ ಬೇಕು. ಇಲ್ಲವಾದರೆ ಒಳಗಿನ ಹತ್ತಿ ಇಣುಕುತ್ತದೆ, ಮಗು ಅದನ್ನು ಎಳೆದು ಬಾಯಿಗಿಡುತ್ತದೆ.

ಹತ್ತಿ ಎಂದೆವಲ್ಲ, ಮೊದಲ ಅಜ್ಜನ ಹೊಟ್ಟೆಗೆ ತುಂಬಿದ್ದು ನಮ್ಮ ತೋಟದಂಚಿನ ಬೂರುಗದ ಹತ್ತಿ. ಮನೆಯ ದಿಂಬುಗಳಿಗೆಲ್ಲ ಅದೇ ಇರುವಾಗ ಗೊಂಬೆಗೆ ದುಡ್ಡು ಕೊಟ್ಟು ಬೇರೆ ತರಬೇಕೇ ಎಂದು ನಾವೇ ಹೇಳಿದ್ದು. ಒಂದು ವಾರಕ್ಕೆ ಅಜ್ಜನ ಮೇಲೆ ಹಾಲು ಚೆಲ್ಲಿತು. ತೊಳೆದರೆ ಬೂರುಗದ ಹತ್ತಿ ಗಂಟು ಕಟ್ಟಿಕೊಂಡು, ನೀರು ಹಿಡಿದುಕೊಂಡು ಕುಳಿತುಬಿಟ್ಟಿತು. ನಾಲ್ಕು ದಿನ ಬಚ್ಚಲ ಒಲೆಯ ಪಕ್ಕದಲ್ಲಿಟ್ಟರೂ ಒಳಗೆ ಆರಲಿಲ್ಲ. ಐದನೆಯ ದಿನ ಬೂಷ್ಟಿನ ವಾಸನೆ. ಜೂನ್ ತಿಂಗಳಲ್ಲಿ ಅಂಗಳದ ಕಲ್ಲಿಗೇ ಪಾಚಿ ಕಟ್ಟುವ ನಮ್ಮ ಊರಿಗೆ ಅದು ಹೊಂದುವ ವಸ್ತುವಲ್ಲ. ಹೊಟ್ಟೆ ಬಿಚ್ಚಿ, ದಿಂಬಿನಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಹತ್ತಿಯನ್ನು ತುಂಬಲಾಯಿತು. ಅದು ನೀರು ಹೀರುವುದಿಲ್ಲ, ಬೇಗ ಆರುತ್ತದೆ. ಹೊರಗಿನ ನೂಲು ಮಾತ್ರ ಹತ್ತಿಯದೇ ಇರಲಿ. ಉಲ್ಲನ್ ಎಂದು ಮಾರುವ ಅಗ್ಗದ ನೂಲಿನಿಂದ ಎದ್ದ ಎಳೆಗಳು ಮಗುವಿನ ಬಾಯಿಗೆ ಅಂಟುತ್ತವೆ.

ಇದಕ್ಕಿಂತ ದೊಡ್ಡ ತಪ್ಪು ಕಣ್ಣಿನದು. ಮೊದಲ ಅಜ್ಜನಿಗೆ ಹಳೆಯ ಅಂಗಿಯ ಎರಡು ಕಪ್ಪು ಗುಂಡಿಗಳನ್ನು ಕಣ್ಣು ಮಾಡಿದ್ದರು. ನೋಡಲು ಬಹಳ ಲಕ್ಷಣವಾಗಿತ್ತು. ಒಂದು ಮಧ್ಯಾಹ್ನ ಒಂದೂವರೆ ವರ್ಷದ ಸಣ್ಣವನು ಅಜ್ಜನನ್ನು ಅಕ್ಕನಿಂದ ಕಸಿದುಕೊಂಡು ಮೂಲೆಗೆ ಹೋಗಿ ಕುಳಿತಿದ್ದ. ಸದ್ದಿಲ್ಲ. ಮಗಳು ಹೋಗಿ ನೋಡುತ್ತಾಳೆ, ಅಜ್ಜನಿಗೆ ಒಂದೇ ಕಣ್ಣು. ಮಗುವನ್ನು ಮಗುಚಿ ಹಾಕಿ ಬೆನ್ನು ತಟ್ಟಿದರು, ಬಾಯಲ್ಲಿ ನೋಡಿದರು, ಇಲ್ಲ. ಆ ಮಳೆಯಲ್ಲಿ ಜೀಪು ತೆಗೆಯಲು ಹೊರಟ ನಮ್ಮ ಕಾಲಿಗೇ ಚಾಪೆಯ ಮಡಿಕೆಯಲ್ಲಿದ್ದ ಗುಂಡಿ ಸಿಕ್ಕಿತು. ಆ ಹತ್ತು ನಿಮಿಷ ಮನೆಯಲ್ಲಿ ಯಾರ ಮುಖದಲ್ಲೂ ರಕ್ತವಿರಲಿಲ್ಲ.

ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಪರೀಕ್ಷಕರು ಬಳಸುವ ಒಂದು ಸಣ್ಣ ಅಳತೆಯ ಕೊಳವೆ ಇದೆ. ಅದರ ಬಾಯಿಯ ಅಗಲ 31.7 ಮಿಲಿಮೀಟರ್, ಅಂದರೆ ಒಂದೂಕಾಲು ಅಂಗುಲ. ಆಟಿಕೆಯಿಂದ ಕಿತ್ತುಬರುವ ಯಾವ ಚೂರು ಆ ಕೊಳವೆಯೊಳಗೆ ಪೂರ್ತಿ ಇಳಿಯುತ್ತದೋ ಅದು ಮಗುವಿನ ಗಂಟಲಿಗೂ ಇಳಿಯಬಹುದೆಂದು ಲೆಕ್ಕ. ಸುಲಿದ ಚಾಲಿ ಅಡಿಕೆ ಆ ಕೊಳವೆಯಲ್ಲಿ ಸಲೀಸಾಗಿ ಇಳಿಯುತ್ತದೆ. ಗುಂಡಿಯ ಮಾತು ಬಿಡಿ, ಅಡಿಕೆ ಹರಡಿದ ಅಂಗಳದಲ್ಲಿ ಅಂಬೆಗಾಲಿಡುವ ಮಗುವನ್ನು ಬಿಡುವ ನಮ್ಮ ಮನೆಗಳಲ್ಲಿ ಇದನ್ನು ಎಲ್ಲರೂ ನೆನಪಿಡುವುದೊಳ್ಳೆಯದು. ಹಿಂದಿನಿಂದ ಬಿಲ್ಲೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕಣ್ಣುಗಳೂ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಕ್ರೋಶಾ ಹೆಣಿಗೆ ಎಳೆದರೆ ಹಿಗ್ಗುವಂಥದು. ಬಿಲ್ಲೆಸಮೇತ ಕಣ್ಣು ಹೊರಬರಬಹುದು. ನಮ್ಮ ಅಜ್ಜನಿಗೆ ಈಗ ಕಪ್ಪು ದಾರದಲ್ಲಿ ಕಸೂತಿಯ ಕಣ್ಣು. ಸ್ವಲ್ಪ ನಿದ್ದೆಗಣ್ಣಿನವನಂತೆ ಕಾಣುತ್ತಾನೆ. ಇರಲಿ.

ಇಷ್ಟು ಮನೆಯ ವಿಷಯ. ಇನ್ನು ಕಚೇರಿಯ ವಿಷಯ.

ಕೊಪ್ಪೆಯಜ್ಜನನ್ನು ನೋಡಿದ ನೆರೆಮನೆಯವರು ಕಲಿತರು. ಅವರಿಂದ ಮತ್ತೆ ನಾಲ್ವರು. ಶ್ರಾವಣದ ಹೊತ್ತಿಗೆ ಸದಸ್ಯರ ಮನೆಗಳ ಆರು ಜನ ಹೆಂಗಸರು ಮಧ್ಯಾಹ್ನದ ಮೇಲೆ ಒಟ್ಟಿಗೆ ಕೂತು ಹೆಣೆಯತೊಡಗಿದರು. ಸಂಘದ ಮಾರಾಟ ಮಳಿಗೆಯಲ್ಲಿ ಕಾಫಿಪುಡಿ, ಜೇನು, ಮೆಣಸಿನ ಪಕ್ಕದಲ್ಲಿ ಒಂದು ಹಲಗೆ ಬಿಟ್ಟುಕೊಟ್ಟೆವು. ಬೆಲೆ 300 ರೂಪಾಯಿ ಎಂದು ನಾವೇ ನಿಗದಿ ಮಾಡಿದೆವು. ಹೇಗೆ ನಿಗದಿ ಮಾಡಿದಿರಿ ಎಂದು ಕೇಳಿದರೆ ಉತ್ತರವಿಲ್ಲ. ದಾರಿಹೋಕ ಪ್ರವಾಸಿಗ ಎಷ್ಟು ಕೊಟ್ಟಾನು ಎಂದು ಯೋಚಿಸಿ ಬರೆದ ಸಂಖ್ಯೆ ಅದು. ಮಳಿಗೆಯ ಉಳಿದ ಸರಕಿನ ಹಾಗೆ ನೂರಕ್ಕೆ ಹತ್ತು ಸಂಘದ ಕಮಿಷನ್. ದೀಪಾವಳಿಯೊಳಗೆ 42ರಲ್ಲಿ 38 ಗೊಂಬೆ ಮಾರಿದವು. ಆಡಳಿತ ಮಂಡಳಿಗೆ ಕೊಟ್ಟ ವರದಿಯಲ್ಲಿ “ಸದಸ್ಯರ ಮನೆಯ ಮಹಿಳೆಯರು ಬಿಡುವಿನ ವೇಳೆಯಲ್ಲಿ ತಯಾರಿಸಿದ ವಸ್ತುಗಳು” ಎಂದು ನಾವು ಬಹಳ ಹೆಮ್ಮೆಯಿಂದ ಬರೆದೆವು.

ದೀಪಾವಳಿ ಕಳೆದ ಮೇಲೆ ಹಿರಿಯ ಸದಸ್ಯರೊಬ್ಬರ ಪತ್ನಿ ಹಣ ಕೇಳಲು ಬಂದರು. ಗುಮಾಸ್ತರು ಪುಸ್ತಕ ನೋಡಿ, “ಅಮ್ಮಾ, ಅದು ಯಜಮಾನರ ಖಾತೆಗೆ ಜಮಾ ಆಗಿದೆ, ಗೊಬ್ಬರದ ಬಾಕಿಗೆ ಹೊಂದಾಣಿಕೆ ಮಾಡಿದೀವಿ” ಎಂದರು. ಅವರು ಹೇಳಿದ್ದು ಕಚೇರಿಯ ಪದ್ಧತಿ. ಸಂಘದಲ್ಲಿ ಸದಸ್ಯತ್ವ ಇರುವುದು ಯಜಮಾನರ ಹೆಸರಿನಲ್ಲಿ, ಆ ಮನೆಯಿಂದ ಬಂದ ಸರಕಿನ ಹಣ ಹೋಗುವುದು ಆ ಖಾತೆಗೆ. ಅಡಿಕೆಗೂ ಹಾಗೆ, ಮೆಣಸಿಗೂ ಹಾಗೆ. ಆಕೆ ನಮ್ಮ ಮೇಜಿನ ಮುಂದೆ ಬಂದು ನಿಂತರು.

“ಅಣ್ಣಯ್ಯ, ಗೊಬ್ಬರ ಹಾಕಿದ್ದು ತೋಟಕ್ಕೆ. ತೋಟ ಅವರ ಹೆಸರಲ್ಲಿದೆ. ಗೊಂಬೆ ಮಾಡಿದ ಕೈ ನಂದು.”

ನಾವು ಏನೋ ಸಮಜಾಯಿಷಿ ಹೇಳಲು ಹೊರಟೆವು. ಆಕೆ ಬಿಡಲಿಲ್ಲ.

“ಅಡಿಕೆ ಸುಲಿಯೋರಿಗೆ ಕೆ.ಜಿ. ಲೆಕ್ಕ ಇದೆ, ಕಾಫಿ ಕುಯ್ಯೋರಿಗೂ ಲೆಕ್ಕ ಇದೆ. ನಮ್ಗೆ ಯಾವ ಲೆಕ್ಕ ಹಾಕಿದ್ರಿ, ಹೇಳಿ?”

ಅಂದು ರಾತ್ರಿ ಕಾಗದ ಪೆನ್ಸಿಲು ಹಿಡಿದು ಮನೆಯವರೊಡನೆ ಕುಳಿತೆವು. ತಲೆಗೆ 414 ಕುಣಿಕೆ, ಹೊಟ್ಟೆಗೆ 468, ಎರಡು ಕೈಗೆ 276, ಎರಡು ಕಾಲಿಗೆ 324, ಕೊಪ್ಪೆಗೆ 1,024. ಒಟ್ಟು 2,506 ಕುಣಿಕೆ. ಹೆಣೆದ ಮೇಲೆ ಹತ್ತಿ ತುಂಬಬೇಕು, ಕೈಕಾಲು ಜೋಡಿಸಬೇಕು, ಕಣ್ಣು ಮೀಸೆ ಹೊಲಿಯಬೇಕು. ಆರು ಜನರನ್ನೂ ಕೇಳಿ ನೋಡಿದಾಗ ಒಂದು ಗೊಂಬೆಗೆ ಹೆಚ್ಚುಕಡಿಮೆ ಎಂಟು ಗಂಟೆ ಎಂದಾಯಿತು. ನೂಲು 60 ಗ್ರಾಂ, ಹತ್ತಿ 40 ಗ್ರಾಂ, ದಾರ ಎಲ್ಲ ಸೇರಿ 95 ರೂಪಾಯಿ. 300ರಲ್ಲಿ ನಮ್ಮ ಕಮಿಷನ್ 30 ಕಳೆದು, 95 ಕಳೆದು ಉಳಿದದ್ದು 175. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 22 ರೂಪಾಯಿಯೂ ಪೂರ್ತಿ ಇಲ್ಲ. ನಮ್ಮದೇ ತೋಟದಲ್ಲಿ ಕಳೆ ತೆಗೆಯಲು ಬರುವ ಹೆಣ್ಣಾಳಿಗೆ ಅಷ್ಟೇ ಹೊತ್ತಿಗೆ ನಾವು 450 ರೂಪಾಯಿ ಕೊಡುತ್ತಿದ್ದೆವು. ಕೊಡಲೇಬೇಕು, ಕೊಡದಿದ್ದರೆ ಮರುದಿನ ಯಾರೂ ಬರುವುದಿಲ್ಲ. ಮನೆಯೊಳಗಿನ ಕೈ ಮಾತ್ರ ಮರುದಿನವೂ ಬರುತ್ತದೆ. ನಮ್ಮ ಧೈರ್ಯ ಅದು.

ಕಾಫಿಯ ಧಾರಣೆ ಇಳಿದಾಗಲೆಲ್ಲ ಉತ್ಪಾದನಾ ವೆಚ್ಚ ನೋಡಿ ಬೆಲೆ ಕೊಡಿ ಎಂದು ಮನವಿ ಬರೆಯುವವರು ನಾವೇ. ಆ ಮನವಿಗಳ ಕರಡು ಈಗಲೂ ನಮ್ಮ ಕಪಾಟಿನಲ್ಲಿವೆ.

ಈ ಸಂಗತಿಯನ್ನು ಮಾತಾಡುತ್ತಿದ್ದಾಗ ಕಾಲೇಜಿನಲ್ಲಿ ಅಧ್ಯಾಪಕರಾಗಿರುವ ಸ್ನೇಹಿತರೊಬ್ಬರು ಒಂದು ಪುಸ್ತಕವನ್ನು ಓದಲು ಕೊಟ್ಟರು. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತ ಹೆಂಗಸರು ಕ್ರೋಶಾ ಲೇಸು ಹೆಣೆಯುತ್ತಾರೆ. 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಕಲಿಸಿದ ಕಸುಬು ಅದು. ಆ ಲೇಸು ಹಡಗು ಹತ್ತಿ ಪರದೇಶಗಳಿಗೆ ಹೋಯಿತು. ಮರಿಯಾ ಮೀಸ್ ಎಂಬ ಜರ್ಮನಿಯ ಸಮಾಜಶಾಸ್ತ್ರಜ್ಞೆ ಅಲ್ಲಿಗೆ ಬಂದು ಅಧ್ಯಯನ ನಡೆಸಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ದಿನವಿಡೀ ಹೆಣೆಯುವವರನ್ನು ಅಲ್ಲಿ ಯಾರೂ ಕೆಲಸಗಾರರೆಂದು ಕರೆಯುತ್ತಿರಲಿಲ್ಲ. ಅವರು ಬಿಡುವಿನ ವೇಳೆ ಕಳೆಯುವ ಗೃಹಿಣಿಯರು. ಆ ಒಂದು ಮಾತಿನಿಂದಲೇ ಕೂಲಿ ತೀರ ಕೆಳಗೆ ನಿಂತಿತು, ಲಾಭ ವ್ಯಾಪಾರಿಗಳ ಪಾಲಾಯಿತು ಎಂಬುದು ಆ ಪುಸ್ತಕದ ಸಾರ. ಓದುತ್ತಿದ್ದಂತೆ ನಮ್ಮ ವರದಿಯ ಸಾಲು ಕಣ್ಣ ಮುಂದೆ ಬಂತು. ಬಿಡುವಿನ ವೇಳೆ ಎಂದು ನಾವೂ ಬರೆದಿದ್ದೆವಲ್ಲ!

ಇನ್ನೊಂದು ಸಂಗತಿಯನ್ನೂ ತಿಳಿದುಕೊಂಡೆವು. ಸ್ವೆಟರಿನ ಹೆಣಿಗೆಗೆ ಯಂತ್ರಗಳಿವೆ. ಕ್ರೋಶಾ ಗೊಂಬೆಯನ್ನು ಹೀಗೆ ಸುತ್ತು ಸುತ್ತಾಗಿ ಕಟ್ಟಿಕೊಡುವ ಯಂತ್ರ ಮಾತ್ರ ಕಾರ್ಖಾನೆಗಳಿಗೆ ಬಂದಿಲ್ಲ. ಪೇಟೆಯ ಅಂಗಡಿಯಲ್ಲಿ ಅಂಥ ಗೊಂಬೆ 150 ರೂಪಾಯಿಗೆ ಸಿಕ್ಕರೆ ಅದನ್ನೂ ಯಾರೋ ಕಡ್ಡಿ ಹಿಡಿದೇ ಹೆಣೆದಿರುತ್ತಾರೆ. ಅಗ್ಗವಾದದ್ದು ಯಂತ್ರದಿಂದಲ್ಲ.

ಇದೇ ಸಮಯಕ್ಕೆ ಬೆಂಗಳೂರಿನ ಒಂದು ಅಂಗಡಿಯವರು 200 ಗೊಂಬೆ ಬೇಕು, ಒಂದಕ್ಕೆ 220 ಕೊಡುತ್ತೇವೆ ಎಂದು ಕೇಳಿದ್ದರು. ಮೊದಲಾಗಿದ್ದರೆ ಕುಣಿದಾಡಿ ಒಪ್ಪುತ್ತಿದ್ದೆವು. ಕಮಿಷನ್ನನ್ನು ಪೂರ್ತಿ ಬಿಟ್ಟರೂ ಕೈಗೆ ಉಳಿಯುವುದು 125. ಆರು ಜನರೂ ಸೇರಿ ಬೇಡವೆಂದರು.

ಹೊಸ ವರ್ಷದಿಂದ ವ್ಯವಸ್ಥೆ ಬದಲಾಗಿದೆ. ಹೆಣೆದವರ ಹೆಸರಿನಲ್ಲೇ ಪ್ರತ್ಯೇಕ ಖಾತೆ; ಹಿಂದೆ ಗೊಬ್ಬರಕ್ಕೆ ಹೊಂದಿಸಿದ ಹಣವನ್ನು ಹಿಂದಿರುಗಿಸಲಾಗಿದೆ. ಇದರಿಂದ ಇಬ್ಬರು ಯಜಮಾನರ ಗೊಬ್ಬರದ ಬಾಕಿ ಮತ್ತೆ ತಲೆಯೆತ್ತಿ ಅವರು ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಸಂಘದ ಕಮಿಷನ್ ನೂರಕ್ಕೆ ಐದು. ಬೆಲೆ 575. ಅದರಲ್ಲಿ ನಮ್ಮ ಪಾಲು, ಸಾಮಗ್ರಿಯ ಖರ್ಚು ಕಳೆದರೆ 451 ರೂಪಾಯಿ ಹೆಣೆದವರಿಗೆ, ಅಂದರೆ ಒಂದು ದಿನದ ಕೂಲಿ.

ಎಲ್ಲರಿಗೂ ಇದು ಒಪ್ಪಿಗೆಯಾಗಿದೆ ಎಂದೇನೂ ಅಲ್ಲ. ಸಂಕ್ರಾಂತಿಯಿಂದ ಈಚೆಗೆ ಮಾರಿದ್ದು 14 ಮಾತ್ರ. ಆರು ಜನರಲ್ಲಿ ಒಬ್ಬರು, “ಐನೂರ ಎಪ್ಪತ್ತೈದು ಅಂದ್ರೆ ಯಾರು ತಗೋತಾರೆ? ನಂಗೆ ನೂರ ಎಪ್ಪತ್ತೈದೇ ಸಾಕಿತ್ತು, ತಿಂಗ್ಳಿಗೆ ನಾಲ್ಕು ಹೋಗ್ತಿತ್ತು” ಎಂದು ನೇರವಾಗಿಯೇ ಹೇಳಿದ್ದಾರೆ. ಅವರ ಮಾತಿಗೆ ನಮ್ಮಲ್ಲಿ ಸರಿಯಾದ ಉತ್ತರವಿಲ್ಲ. ಕೊಪ್ಪೆಯಿಲ್ಲದ ಸಣ್ಣ ಗೊಂಬೆಯನ್ನು ಕಡಿಮೆ ಬೆಲೆಗೆ ಮಾಡಬಹುದೇ ಎಂದು ನೋಡುತ್ತಿದ್ದಾರೆ. ಕೊಪ್ಪೆಯೇ ಇಲ್ಲದಿದ್ದರೆ ಅವನು ಬರಿಯ ಅಜ್ಜ ಎಂದು ನಮ್ಮ ಮನೆಯವರ ತಕರಾರು.

ಮಾರುವ ಉದ್ದೇಶವಿದ್ದವರು ಕಾನೂನನ್ನೂ ತಿಳಿದಿರಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಗುಣಮಟ್ಟದ ಐ.ಎಸ್.ಐ. ಗುರುತು ಇರಲೇಬೇಕೆಂದು ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿ, 2021ರ ಜನವರಿ 1ರಿಂದ ಜಾರಿಗೆ ತಂದಿತು. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗಳಿಗೆ ಇದರಿಂದ ವಿನಾಯಿತಿ ಕೊಡಲಾಯಿತು. “ತಯಾರಿಸಿ ಮಾರುವ” ಎಂಬ ಮಾತನ್ನು ನಾವು ಎರಡು ಸಲ ಓದಿದೆವು. ಆದ್ದರಿಂದ ಆರು ಜನರನ್ನೂ ಅವರವರ ಹೆಸರಿನಲ್ಲೇ ನೋಂದಾಯಿಸಲಾಗಿದೆ. ರಸೀದಿಯೂ ಹೆಣೆದವರ ಹೆಸರಿನಲ್ಲೇ. ಸಂಘ ಕೊಡುವುದು ಹಲಗೆಯನ್ನು ಮಾತ್ರ. ವಿನಾಯಿತಿ ಇದೆಯೆಂದು ಗುಂಡಿಯ ಕಣ್ಣು ಹೊಲಿದು ತಂದವರ ಗೊಂಬೆಯನ್ನು ಮಳಿಗೆಯಲ್ಲಿ ಇಡುವುದಿಲ್ಲ. ಕಣ್ಣು, ಮೂಗು ಎಲ್ಲ ದಾರದ್ದೇ ಆಗಿರಬೇಕು. ಕೈಕಾಲುಗಳನ್ನು ಎರಡು ಸುತ್ತು ಹೊಲಿದಿರಬೇಕು. ತೆಗೆದುಕೊಳ್ಳುವ ಮೊದಲು ಗುಮಾಸ್ತರು ಪ್ರತಿಯೊಂದು ಕೈಯನ್ನೂ ಎಳೆದು ನೋಡುತ್ತಾರೆ. ಯಾರೂ ಬೇಸರಿಸಬಾರದು.

ಕಲಿಯಲು ಇಚ್ಛೆಯುಳ್ಳ ಸದಸ್ಯರ ಮನೆಯವರು ಮುಂದಿನ ತಿಂಗಳ ಮೊದಲ ಮತ್ತು ಮೂರನೆಯ ಶನಿವಾರ ಮಧ್ಯಾಹ್ನ 2 ಗಂಟೆಗೆ ಸಂಘದ ಸಭಾಂಗಣಕ್ಕೆ ಬರಬಹುದು. 2.5 ಅಥವಾ 3 ಮಿಲಿಮೀಟರಿನ ಕಡ್ಡಿಯನ್ನು ತರಬೇಕು. ನೂಲು, ಹತ್ತಿ ಮಳಿಗೆಯಲ್ಲಿ ಸಿಗುತ್ತವೆ. ಮಕ್ಕಳನ್ನು ಕರೆತರಲು ಅಡ್ಡಿಯಿಲ್ಲ. ಮಾರಾಟವಾಗದೆ ಉಳಿದ 11 ಕೊಪ್ಪೆಯಜ್ಜಂದಿರು ಸದ್ಯಕ್ಕೆ ಕಚೇರಿಯ ಗಾಜಿನ ಕಪಾಟಿನಲ್ಲಿ, ಮೈಲುತುತ್ತದ ದಾಸ್ತಾನು ಪುಸ್ತಕದ ಪಕ್ಕದಲ್ಲಿ ಸಾಲಾಗಿ ಕುಳಿತಿದ್ದಾರೆ. ನೋಡಬೇಕೆಂದವರು ಗುಮಾಸ್ತರನ್ನು ಕೇಳಿದರೆ ತೆಗೆದು ತೋರಿಸುತ್ತಾರೆ.

ಕಾರ್ಯದರ್ಶಿ